ಒಂಬತ್ತು ಮೂಟೆ ಗೊಬ್ಬರ

"ನಿಲ್ಸಪ್ಪಾ! ಇಳ್ಸು ಮೂಟೆನಾ!"

ಗಡಿಯಾರ ರಿಪೇರಿಯವರು ಕಸದ ಲಾರಿಯ ಮುಂದೆ ಎರಡೂ ಕೈ ಚಾಚಿ ನಿಂತುಬಿಟ್ಟರು. ಕಾಲಲ್ಲಿ ಒಂದೇ ಚಪ್ಪಲಿ. ಒಳಗೆ ನಡುಮನೆಯಲ್ಲಿ ಅವರ ಹೆಂಡತಿಯ ದೇಹವನ್ನು ಮಲಗಿಸಿದ್ದರು. ಹನ್ನೊಂದಕ್ಕೆ ಸ್ಮಶಾನಕ್ಕೆ ಹೊರಡಬೇಕಿತ್ತು.

ಎಡವಟ್ಟು ಮಾಡಿದವಳು ಅವರ ತಂಗಿ. ಸಾವಿನ ಮನೆಗೆ ಜನ ಬರುತ್ತಾರೆ, ಅಂಗಳ ಚೊಕ್ಕಟವಾಗಿರಲಿ ಎಂದು ಹಿತ್ತಲಿನ ಗೊಬ್ಬರದ ಗುಡ್ಡೆಯನ್ನೆಲ್ಲ ಒಂಬತ್ತು ಮೂಟೆ ಕಟ್ಟಿಸಿ ಲಾರಿಗೆ ಹಾಕಿಸಿದ್ದಳು.

"ಕಸ ಅಣ್ಣಾ ಅದು! ನೀನೇ ವರ್ಷಗಟ್ಲೆ ಬೈತಿದ್ಯಲ್ಲ?"

"ಬೈತಿದ್ದೋನು ನಾನು. ಎತ್ತಿಹಾಕೋಕೆ ನೀನ್ಯಾರು?"

ಡ್ರೈವರ್ ತಲೆ ಹೊರಗೆ ಹಾಕಿದ. "ಗಾಡಿಗೆ ಹಾಕಿದ್ದು ವಾಪಸ್ ಕೊಡೋ ಹಾಗಿಲ್ಲ ಯಜಮಾನ್ರೇ. ಏನಿದೆ ಅದ್ರಲ್ಲಿ, ಒಡವೆನಾ?"

"ನನ್ನ ಹೆಂಡ್ತಿ ಮಾಡಿದ್ದು."

ಡ್ರೈವರ್ ಮನೆಬಾಗಿಲಲ್ಲಿದ್ದ ಚಪ್ಪಲಿಗಳ ರಾಶಿ ನೋಡಿದ. ಇಂಜಿನ್ ಆರಿಸಿದ. "ಸಿಪ್ಪೆ ಟೀಚರಾ? ಅಯ್ಯೋ, ನಂಗೆ ಮಗ್ಗಿ ಕಲ್ಸಿದ್ದು ಅವ್ರೇ. ಇವತ್ತಿಗೂ ಏಳೆಂಟ್ಲೆ ಅಂದ್ರೆ ಬೆವರ್ತೀನಿ. ಇಳಿಸ್ರೋ!"

* * *

ನಿವೃತ್ತಿಯ ಮರುದಿನವೇ ಲೆಕ್ಕದ ಟೀಚರು ಬಕೆಟ್ ಹಿಡಿದು ಬೀದಿಯ ಮನೆಮನೆಗೂ ಹೊರಟಿದ್ದರು. ಬೇಯಿಸಿದ್ದು ಬೇಡ, ಉಪ್ಪು ಮುಟ್ಟಿದ್ದು ಬೇಡ, ಗೊಬ್ಬರಕ್ಕೆ ಬರೀ ಸಿಪ್ಪೆ. ಯಾರಾದರೂ ಪ್ಲಾಸ್ಟಿಕ್ ಸೇರಿಸಿದರೆ ಅದು ಸಂಜೆಯೊಳಗೆ ಅವರ ಮನೆಗೇ ಮರಳುತ್ತಿತ್ತು, ಕೆಂಪು ಶಾಯಿಯ ಚೀಟಿಯೊಂದಿಗೆ: 'ತಪ್ಪು. ತಿದ್ದಿ ತನ್ನಿ.'

"ಈ ವಾಸನೆಗೆ ನನ್ನ ಗಿರಾಕಿಗಳು ಓಡಿಹೋಗ್ತಾರೆ," ಎಂದು ಗಂಡ ಮೂಗು ಮುಚ್ಚಿಕೊಳ್ಳುತ್ತಿದ್ದರು.

"ವಾಸನೆ ಬಂತು ಅಂದ್ರೆ ಒಣ ಎಲೆ ಕಮ್ಮಿ ಆಗಿದೆ ಅಂತ. ಮೂಗು ಹಿಡ್ಕೊಳ್ಳೋ ಕೈಯಲ್ಲಿ ಎರಡು ಬುಟ್ಟಿ ಎಲೆ ತನ್ನಿ."

ಅವರು ತಂದಿರಲಿಲ್ಲ. ಕಳೆದ ವಾರ ಟೀಚರು ಮುಂದಿನ ಅಂಗಳದ ಗಟ್ಟಿ ನೆಲವನ್ನು ಮೊಳದಾಳ ಅಗೆದು, ಕಲ್ಲು ಆರಿಸಿ, ನೀರು ಕುಡಿಸಿ ಪಾತಿ ಮಾಡಿದ್ದರು. "ಭಾನುವಾರ ಮಣ್ಣು ಗೊಬ್ಬರ ಕಲ್ಸೋದು. ನೀವೂ ಒಂದು ಕೈ ಹಾಕ್ಬೇಕು."

"ನೋಡೋಣ," ಎಂದಿದ್ದರು ಗಂಡ.

ಶನಿವಾರ ಮಧ್ಯಾಹ್ನ ಕುರ್ಚಿಯಲ್ಲಿ ಕೂತ ಟೀಚರು ಏಳಲಿಲ್ಲ.

* * *

ಎಲ್ಲ ಮುಗಿಸಿ ಬಂದಾಗ ಮೂರು ಗಂಟೆ. "ಮಲ್ಕೋ ಅಣ್ಣ. ಅದೆಲ್ಲ ನಾಳೆ ನೋಡಿದ್ರಾಯ್ತು," ಎಂದಳು ತಂಗಿ, ತಪ್ಪಿತಸ್ಥಳ ದನಿಯಲ್ಲಿ.

"ಅವಳು ಹೇಳಿದ್ದು ಭಾನುವಾರ. ಇವತ್ತೇ ಭಾನುವಾರ."

ಪ್ಯಾಂಟು ಮಡಚಿ ಪಾತಿಯ ಪಕ್ಕ ಕೂತರೇನೋ ಸರಿ, ಮುಂದೇನೆಂದು ತಿಳಿಯಲಿಲ್ಲ. "ಎಷ್ಟು ಹಾಕ್ಬೇಕು?" ಎಂದು ಗೇಟಿನ ಬಳಿ ನಿಂತಿದ್ದವರನ್ನು ಕೇಳಿದರು.

"ಎರಡು ಪಾಲು ಮಣ್ಣಿಗೆ ಒಂದು ಪಾಲು ಗೊಬ್ಬರ," ಎಂದರು ಎದುರುಮನೆ ಅಜ್ಜಿ. "ಹೇಳಿ ಹೇಳಿ ತಲೆ ತಿಂದಿದ್ಲು."

"ಮೂರಕ್ಕೆ ಒಂದು ಅಜ್ಜಿ. ನಂಗೆ ಬರೆದೇ ಕೊಟ್ಟಿದ್ರು," ಎಂದಳು ಮೇಲಿನ ಮನೆಯ ನರ್ಸ್.

"ನಿನ್ನ ಕಣ್ಣು ನೆಟ್ಟಗಿಲ್ಲ."

"ನಿಮ್ಮ ಕಿವಿ ನೆಟ್ಟಗಿದ್ಯಾ?"

"ಟೀಚರ್ ಇದ್ದಿದ್ರೆ ಇಬ್ರನ್ನೂ ಬೆಂಚಿನ ಮೇಲೆ ನಿಲ್ಲಿಸ್ತಿದ್ರು," ಎಂದು ಯಾರೋ ಅಂದದ್ದೇ ತಡ, ಎಲ್ಲರೂ ಗೊಳ್ಳೆಂದು ನಕ್ಕರು. ತಟ್ಟನೆ ನಾಲಗೆ ಕಚ್ಚಿಕೊಂಡು ರಿಪೇರಿಯವರ ಮುಖ ನೋಡಿದರೆ, ಅವರೂ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು.

ನರ್ಸ್ ಮೊದಲ ಮೂಟೆ ಬಿಚ್ಚಿ ಸುರಿದಳು. ಕಾಫಿಪುಡಿಯಂಥ ಕಪ್ಪು ಗೊಬ್ಬರ. ರಿಪೇರಿಯವರು ಒಂದು ಗಳಿಗೆ ತಡೆದು, ಎರಡೂ ಕೈಗಳನ್ನು ಮೊಣಕೈವರೆಗೆ ಒಳಗಿಳಿಸಿದರು.

"ಹುಳ ಅಣ್ಣಾ, ಹುಳ!" ಎಂದು ತಂಗಿ ಕಿರುಚಿದಳು.

ಗೊಬ್ಬರದ ಜೊತೆ ಬಂದ ಎರೆಹುಳವೊಂದು ಪಾತಿಯಿಂದಾಚೆ, ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಬಿದ್ದು ಹೊರಳುತ್ತಿತ್ತು. ಗಡಿಯಾರದ ಕೂದಲೆಳೆಯಂಥ ಸ್ಪ್ರಿಂಗನ್ನು ಎತ್ತುವ ಎಚ್ಚರದಲ್ಲಿ ಅವರು ಅದನ್ನು ಎರಡೇ ಬೆರಳಲ್ಲಿ ಎತ್ತಿ ಪಾತಿಯ ನಡುವೆ ಬಿಟ್ಟರು. ಅದರ ಬಾಲ ಮಣ್ಣೊಳಗೆ ಮರೆಯಾಗುವವರೆಗೂ ಉಸಿರು ಬಿಗಿಹಿಡಿದು ಕೂತರು.