ಲೆನ್ಸಿನ ಅಂಚಿನಲ್ಲಿ ಇಮಾಮಸಾಬರು

ನಾನು ಒಂದು ಲೆನ್ಸು. ಕಡಲಾಚೆಯ ಕಾರ್ಖಾನೆಯೊಂದರಲ್ಲಿ ಮರಳು ಕರಗಿ ಗಾಜಾಯಿತು, ಗಾಜು ಸವೆದು ಸವೆದು ನುಣುಪಾದ ಬಿಲ್ಲೆಗಳಾಯಿತು. ಆ ಬಿಲ್ಲೆಗಳು ಲೋಹದ ಕೊಳವೆಯೊಳಗೆ ಸಾಲಾಗಿ ಕೂತ ದಿನ ನಾನು ಹುಟ್ಟಿದೆ. ನನ್ನೊಳಗೆ ಮೋಟಾರಿಲ್ಲ, ತಂತಿಯಿಲ್ಲ. ಮೈಮೇಲೆ ಎರಡು ಬಳೆಗಳಿವೆ. ಒಂದನ್ನು ತಿರುಗಿಸಿದರೆ ದೂರದ್ದೋ ಹತ್ತಿರದ್ದೋ ಸ್ಪಷ್ಟವಾಗುತ್ತದೆ. ಇನ್ನೊಂದನ್ನು ತಿರುಗಿಸಿದರೆ ಬೆಳಕು ಬರುವ ಕಿಂಡಿ ಹಿಗ್ಗುತ್ತದೆ, ಕುಗ್ಗುತ್ತದೆ. ಯಾರಾದರೂ ಕೈಯಿಂದ ತಿರುಗಿಸದೆ ನಾನು ಏನೂ ಮಾಡಲಾರೆ.

ನನ್ನ ಮೊದಲ ಒಡೆಯರು ಗದಗಿನ ಬ್ಯಾಂಕ್ ಅಧಿಕಾರಿ ಕಾತರಕಿಯವರು. ಅವರದು ರೀಲು ಹಾಕುವ ಕ್ಯಾಮೆರಾ. ಒಂದು ಚಿತ್ರ ತೆಗೆಯುವ ಮೊದಲು ಅವರು ಉಸಿರು ಬಿಗಿಹಿಡಿಯುತ್ತಿದ್ದರು; ನಾನೂ ಅವರ ಜೊತೆ ಕಾಯುತ್ತಿದ್ದೆ. ಹೆಂಡತಿಯಾಗಲಿ ಮಗಳಾಗಲಿ, ಎಲ್ಲರನ್ನೂ ಅವರು ನಟ್ಟನಡುವೆ ನಿಲ್ಲಿಸುತ್ತಿದ್ದರು. "ಇನ್ನೂ ನಡುವ ಬಾರ, ವಿದ್ಯಾ. ಅಂಚಿಗೆ ನಿಂತ್ರ ಸ್ಟುಡಿಯೋದಾಂವ ಕತ್ತರಿಸಿ ಒಗೀತಾನ" ಎಂದು ಮಗಳಿಗೆ ಹೇಳುತ್ತಿದ್ದರು. ಹಾಗಾಗಿ ನನ್ನ ಅಂಚಿನಿಂದ ಯಾರಿಗೂ ಏನೂ ಬೇಕಾಗಲಿಲ್ಲ.

ಆಮೇಲೆ ಅವರ ತಮ್ಮನ ಮಗ ಪ್ರಮೋದನ ಕೈಗೆ ಬಂದೆ. ಅವನದು ಡಿಜಿಟಲ್ ಕ್ಯಾಮೆರಾ, ಆದರೆ ಅದರೊಳಗೆ ರೀಲಿನ ಬದಲು ಬೆಳಕು ಹಿಡಿಯುವ ಸಂವೇದಕ ಚಿಕ್ಕದು. ನಾನು ತಟ್ಟೆಯಗಲ ಬೆಳಕು ಚೆಲ್ಲಿದರೆ ಅದು ನಡುವಿನ ಬಟ್ಟಲಿನಷ್ಟನ್ನು ಮಾತ್ರ ಎತ್ತಿಕೊಳ್ಳುತ್ತಿತ್ತು. ಉಳಿದದ್ದು ಒಳಗಿನ ಕಪ್ಪು ಗೋಡೆಗೆ ಬಿದ್ದು ಹೋಗುತ್ತಿತ್ತು. ತಾನೇ ಗುರಿ ಹಿಡಿಯುವ ಮೋಟಾರಿನ ಲೆನ್ಸು ಬಂದ ಮೇಲೆ ಪ್ರಮೋದ ನನ್ನನ್ನು ಕಾತರಕಿಯವರ ಮನೆಗೇ ಹಿಂದಿರುಗಿಸಿದ. ಅಲ್ಲಿ ಉಣ್ಣೆಯ ಬಟ್ಟೆಗಳ ನಡುವೆ, ನುಸಿಗುಳಿಗೆಯ ವಾಸನೆಯಲ್ಲಿ ಬಹುಕಾಲ ಮಲಗಿದೆ.

ನನ್ನನ್ನು ಎಬ್ಬಿಸಿದವಳು ವಿದ್ಯಾವತಿ, ಕಾತರಕಿಯವರ ಆ ಮಗಳು. ಅಷ್ಟರಲ್ಲಿ ಅವಳು ಊರಿನ ವಿಜ್ಞಾನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ಅವಳು ಕೊಂಡ ಮಿರರ್‌ಲೆಸ್ ಕ್ಯಾಮೆರಾದ ಸಂವೇದಕ ಹಳೆಯ ರೀಲಿನ ಚೌಕಟ್ಟಿನಷ್ಟೇ ದೊಡ್ಡದು. ಅದಕ್ಕೂ ನನಗೂ ನಡುವೆ ಗಾಜಿಲ್ಲದ ಖಾಲಿ ಉಂಗುರವೊಂದನ್ನು ಇಟ್ಟು ಕೂಡಿಸಿದಳು. ಗುಂಡಿ ಒತ್ತಿದಳು. ಕ್ಯಾಮೆರಾ ಅಲುಗಲಿಲ್ಲ. ಪರದೆಯ ಮೇಲೆ ಲೆನ್ಸ್ ಇಲ್ಲವೆಂದು ಬರೆದು ತೋರಿಸಿತು. ಅದು ಮಾತಾಡುವುದು ವಿದ್ಯುತ್ತಿನ ಭಾಷೆಯಲ್ಲಿ. ನನಗೆ ಅದು ಬರುವುದಿಲ್ಲ. ಕೊನೆಗೆ ವಿದ್ಯಾವತಿ ಅದರ ಪರದೆಯ ಆಯ್ಕೆಪಟ್ಟಿಗಳಲ್ಲಿ ಹುಡುಕಿ, ಲೆನ್ಸ್ ಇಲ್ಲದಿದ್ದರೂ ಚಿತ್ರ ತೆಗೆ ಎಂದು ಅಪ್ಪಣೆ ಕೊಟ್ಟಳು. ಇಲ್ಲದವನಾಗಿಯೇ ಮತ್ತೆ ಕೆಲಸಕ್ಕೆ ಸೇರಿದೆ.

ಆ ಕಾಲೇಜಿನಲ್ಲಿ ಇಮಾಮಸಾಬ ನದಾಫ ಎಂಬ ಪ್ರಯೋಗಾಲಯದ ಸಹಾಯಕರಿದ್ದರು. ಪ್ರತಿ ವರ್ಷ ಸಿಬ್ಬಂದಿಯ ಗುಂಪು ಫೋಟೋ ದಿನ ಬೇವಿನ ಮರದ ಕೆಳಗೆ ಕುರ್ಚಿ ಹಾಕುತ್ತಿದ್ದವರು ಅವರು. ಎರಡು ಇಟ್ಟಿಗೆಗಳ ನಡುವೆ ದಾರ ಬಿಗಿದು, ಕಾಲಿಗೆ ಕಾಲು ಕೂಡಿಸಿ ಸಾಲು ಮಾಡುತ್ತಿದ್ದರು. ಎಲ್ಲರೂ ಕೂತಾದ ಮೇಲೆ ಫೋಟೋ ತೆಗೆಯುವವನ ಬೆನ್ನ ಹಿಂದೆ ಹೋಗಿ ನಿಲ್ಲುತ್ತಿದ್ದರು. ಅವರು ನಿವೃತ್ತರಾಗುವ ತಿಂಗಳಲ್ಲಿ ಪ್ರಾಚಾರ್ಯ ಬೆಳವಟಗಿಯವರು, ಈ ಸಲ ನದಾಫರೂ ನಿಲ್ಲಲೇಬೇಕೆಂದರು. ಫೋಟೋ ತೆಗೆಯುವ ಕೆಲಸ ವಿದ್ಯಾವತಿಗೆ ಬಿತ್ತು.

ಇಮಾಮಸಾಬರು ಗಂಜಿ ಹಾಕಿದ ಬಿಳಿ ಅಂಗಿ ತೊಟ್ಟು ಬಂದರು. ಕುರ್ಚಿ ಹಾಕುತ್ತಲೇ ಹೇಳಿದರು: "ನಮ್ಮಾಕಿ ಆಗಲೇ ಗ್ವಾಡಿಗೆ ಮೊಳಿ ಹೊಡದಾಳ್ರಿ ಮೇಡಂ. ಇಷ್ಟ್ ವರ್ಷ ದುಡದದ್ದಕ್ಕ ಮನ್ಯಾಗ ಒಂದರೆ ಗುರ್ತ ಬ್ಯಾಡೇನು ಅಂತಾಳ."

"ಮೊದ್ಲ ಮೊಳಿ, ಆಮ್ಯಾಲೆ ಫೋಟೋ! ಭಾಳ ಅವಸರದಾಕಿ ಬಿಡ್ರಿ" ಎಂದು ರಸಾಯನಶಾಸ್ತ್ರದ ಮಾಳವಾಡ ಸರ್ ನಕ್ಕರು. ಆಮೇಲೆ ನನ್ನತ್ತ ನೋಡಿ, "ವಿದ್ಯಾ ಮೇಡಂ, ಹೊಸಾ ಕ್ಯಾಮೆರಾಕ್ಕ ಇದೇನ್ರಿ ಅಜ್ಜನ ಕಾಲದ ಡಬ್ಬಿ?" ಎಂದರು.

"ಅಜ್ಜಂದಲ್ರಿ, ನಮ್ಮಪ್ಪಂದು. ನೀವು ಹೊಟ್ಟಿ ಒಳಗ ತಗೋರಿ."

ಎಲ್ಲರೂ ಕೂತರು. ಇಮಾಮಸಾಬರು ಕೊನೆಯ ಕುರ್ಚಿಯ ಪಕ್ಕ ನಿಂತರು. ವಿದ್ಯಾವತಿ ನನ್ನ ಬಳೆ ತಿರುಗಿಸಿ, ನಡುವಿನ ಬೆಳವಟಗಿಯವರ ಕನ್ನಡಕಕ್ಕೆ ಗುರಿ ಹಿಡಿದು ಒತ್ತಿದಳು.

"ಆತೇನ್ರಿ? ಕುರ್ಚಿ ತಗೀಲಿ?" ಎಂದು ಇಮಾಮಸಾಬರು ಆಗಲೇ ಬಗ್ಗಿದ್ದರು.

"ತಡೀರಿ" ಎಂದಳು ವಿದ್ಯಾವತಿ. ಪರದೆಯಲ್ಲಿ ಚಿತ್ರ ಹಿಗ್ಗಿಸಿ ನೋಡುತ್ತಿದ್ದಳು. ಪ್ರಾಚಾರ್ಯರ ಜೇಬಿನ ಪೆನ್ನಿನ ಕ್ಲಿಪ್ಪು ಕೂಡ ಕಾಣುತ್ತಿತ್ತು. ಇಮಾಮಸಾಬರ ಮುಖ ಮಾತ್ರ ನೀರೊಳಗಿನ ಮುಖದಂತೆ ಕದಡಿತ್ತು.

ತಪ್ಪು ಅವಳದಲ್ಲ. ನಾನು ಸ್ಪಷ್ಟವಾಗಿ ಕಾಣುವ ಜಾಗ ಗೋಡೆಯಂತೆ ಚಪ್ಪಟೆಯಲ್ಲ. ಅದು ನನ್ನ ಕಡೆ ಬಾಯಿ ತೆರೆದ ಬೋಗುಣಿಯಂತೆ ಬಾಗಿದೆ. ನೇರ ಸಾಲಿನ ನಡುವೆ ಕೂತವರು ಅದರ ತಳಕ್ಕೆ ಸರಿಯಾಗಿ ಸಿಗುತ್ತಾರೆ. ಕೊನೆಯಲ್ಲಿ ನಿಂತವರು ಬೋಗುಣಿಯ ಅಂಚಿನ ಹಿಂದೆ ಉಳಿದುಬಿಡುತ್ತಾರೆ. ಅವಳು ಕಿಂಡಿ ಕುಗ್ಗಿಸಿ ನೋಡಿದಳು. ಸ್ವಲ್ಪ ಸುಧಾರಿಸಿತು, ಸಾಲಲಿಲ್ಲ. ಸಾಲಿನ ತುದಿಗೇ ಗುರಿ ಹಿಡಿದಳು. ಇಮಾಮಸಾಬರ ಗಡ್ಡದ ಒಂದೊಂದು ಕೂದಲೂ ಕಂಡಿತು, ಆದರೆ ಪ್ರಾಚಾರ್ಯರು ಮಂಜಾದರು.

"ಉಪ್ಪಿಟ್ಟು ಆರಾಕತ್ತೈತ್ರಿ ಮೇಡಂ" ಎಂದು ಮಾಳವಾಡ ಸರ್ ಕೂಗಿದರು.

ನಡುವಿನವರು ಕಂಡರೆ ತುದಿಯವರು ಮಸುಕಾಗುತ್ತಾರೆಂದು ವಿದ್ಯಾವತಿ ಹೇಳಿದಳು. "ಹಂಗಾದ್ರ ನದಾಫ್, ನನ್ನ ಬಾಜೂಕ ಬಂದು ನಿಲ್ರಿ" ಎಂದರು ಬೆಳವಟಗಿ.

"ಬ್ಯಾಡ್ರಿ ಸಾಹೇಬ್ರ. ನಾ ಬಂದ್ರ ಇಲ್ಲಿ ಮತ್ತೊಬ್ರು ನಿಲ್ಲಬೇಕು. ಅವ್ರು ಮಸಕಾಗ್ತಾರ." ಮತ್ತೆ ಸಣ್ಣ ದನಿಯಲ್ಲಿ, "ಇರಲಿ ಬಿಡ್ರಿ ಮೇಡಂ, ಅಂಗಿ ಅಂತೂ ಕಾಣಸ್ತೈತಿ" ಎಂದರು.

ವಿದ್ಯಾವತಿ ನನ್ನ ಬಳೆಯನ್ನು ನಡುವಿನಿಂದ ತುದಿಗೆ, ತುದಿಯಿಂದ ನಡುವಿಗೆ ಮತ್ತೊಮ್ಮೆ ತಿರುಗಿಸಿ ನೋಡಿದಳು. ತುದಿ ಸ್ಪಷ್ಟವಾಗಲು ಗುರಿಯನ್ನು ಇನ್ನೂ ದೂರಕ್ಕೆ ಒಯ್ಯಬೇಕಾಗುತ್ತಿತ್ತು. ಆಮೇಲೆ ತಲೆಯೆತ್ತಿ, "ಮಂದೀನ್ನ ಬದ್ಲಿ ಮಾಡೂದು ಬ್ಯಾಡ, ಸಾಲನ್ನ ಬಗ್ಗಸೂಣು. ಎರಡೂ ಕಡೀ ಕೊನೀ ಮುಂದ ಬರಲಿ. ಕಮಾನಿನಂಗ" ಎಂದಳು.

ಇಮಾಮಸಾಬರು ಕುರ್ಚಿಗೆ ಕೈ ಹಾಕಿದರು.

"ನೀವು ಮುಟ್ಟಬ್ಯಾಡ್ರಿ!" ಎಂದಳು ವಿದ್ಯಾವತಿ, ಎಲ್ಲರೂ ಬೆಚ್ಚುವಷ್ಟು ಜೋರಾಗಿ.

ಬೆಳವಟಗಿಯವರು ಎದ್ದರು. ಕೊನೆಯ ಕುರ್ಚಿಗಳನ್ನು ತಾವೇ ಮುಂದಕ್ಕೆ ಎಳೆದರು. ಮಾಳವಾಡ ಸರ್ ಇನ್ನೊಂದು ತುದಿಗೆ ಹೋಗಿ, ಒಂದನ್ನು ಎತ್ತಿ ಕಾಲ ಮೇಲೆ ಹಾಕಿಕೊಂಡು "ಅಯ್ಯೋ" ಎಂದರು. ದಾರ ತುಳಿತಕ್ಕೆ ಸಿಕ್ಕಿ ಹರಿಯಿತು. ಇಮಾಮಸಾಬರು ಎರಡೂ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡರು. ಸಾಲು ಬಾಗಿತು. ವಿದ್ಯಾವತಿ ನಡುವನ್ನು ನೋಡಿದಳು, ಕೊನೆಯನ್ನು ನೋಡಿದಳು, ಮತ್ತೆ ನಡುವನ್ನು ನೋಡಿ ಒತ್ತಿದಳು.

ಈಗ ನನಗೆ ವಯಸ್ಸಾಗಿದೆ. ಬಳೆಯೊಳಗಿನ ಗ್ರೀಸು ಒಣಗಿ ತಿರುಗುವಾಗ ಬಿಗಿಯುತ್ತೇನೆ. ಸಸ್ಯಶಾಸ್ತ್ರ ವಿಭಾಗದ ಕಪಾಟಿನಲ್ಲಿ ಹಳೆಯ ಸೂಕ್ಷ್ಮದರ್ಶಕದ ಪಕ್ಕ ಕೂತಿದ್ದೇನೆ. ನನ್ನ ಬಾಗಿದ ನೋಟವನ್ನು ಯಾರೂ ತಿದ್ದಲಾರರು. ಅದನ್ನು ಅರಿತು ಒಂದು ಸಾಲು ಬಾಗಿತ್ತು ಎಂಬುದನ್ನು ಮಾತ್ರ ಮರೆಯಲಾರೆ.

ಆ ಫೋಟೋ ಒಯ್ಯಲು ವಿಭಾಗಕ್ಕೆ ಬಂದ ದಿನ ಇಮಾಮಸಾಬರು ಹೆಂಡತಿ ಖಾಸಿಂಬಿಯನ್ನೂ ಕರೆತಂದಿದ್ದರು. ಆಕೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದೇನ್ರಿ, ಕುರ್ಚಿ ಸೊಟ್ಟ ಅದಾವಲ್ಲ? ದಾರ ಹಿಡದು ಇಡ್ತೀನಿ ಅಂತಿದ್ರಿ?"

"ಅವನ್ನ ನಾ ಇಟ್ಟಿಲ್ಲ" ಎಂದರು ಇಮಾಮಸಾಬರು. "ನಾ ಫೋಟೋದಾಗ ಇದ್ದೆ."