ಹಣೆಗೆ ಸ್ಟಿಕ್ಕರ್ ಇಟ್ಟುಕೊಂಡ ಲ್ಯಾಪ್‌ಟಾಪ್

ನಾನು ಒಂದು ಲ್ಯಾಪ್‌ಟಾಪ್. ಒಂದು ಲಕ್ಷ ಮದುವೆ ಮಾಡಿಸಿದವಳು. ಹುಬ್ಬೇರಿಸಬೇಡಿ, ಇದರಲ್ಲಿ ಅರ್ಧ ಸುಳ್ಳು. ಮದುವೆ ಮಾಡಿಸಿದ್ದು ಪುರೋಹಿತರು, ನಾನು ಬರೀ ಆಲ್ಬಮ್ ಮಾಡಿದವಳು. ಲಕ್ಷವನ್ನೂ ನೀವೇ ಸ್ವಲ್ಪ ಇಳಿಸಿಕೊಳ್ಳಿ.

ಹುಟ್ಟಿದ್ದು ಸಮುದ್ರದಾಚೆಯ ಕಾರ್ಖಾನೆಯಲ್ಲಿ. ಕಣ್ಣು ಬಿಟ್ಟಾಗ ಸುತ್ತಲೂ ನನ್ನಂಥವರೇ. ಅವರಲ್ಲೆಲ್ಲ ನಾನೇ ಚೆಲುವೆ ಎಂದು ಆಗಲೇ ತೀರ್ಮಾನಿಸಿದ್ದೆ. ಹಡಗು ಹತ್ತಿ ಬಂದು ಒಂದು ಫೋಟೋ ಸ್ಟುಡಿಯೋ ಸೇರಿದೆ. ಕಪ್ಪಗಿದ್ದ ಮದುಮಕ್ಕಳನ್ನು ಬೆಳ್ಳಗೆ ಮಾಡುವುದು, ಅಳುವ ಮದುವಣಗಿತ್ತಿಯ ಕಣ್ಣೀರು ಒರೆಸಿ ತೆಗೆಯುವುದು ನನ್ನ ಕಸುಬು. ದುಡಿದೂ ದುಡಿದೂ ಮೈ ಕಾದು, ಒಂದು ದಿನ ನನ್ನ ಬ್ಯಾಟರಿರಾಯ ಊದಿಕೊಂಡು ತೀರಿಹೋದ. ಅವನೇ ನನ್ನ ಗಂಡ. ಅಂದಿನಿಂದ ಗೋಡೆಯ ವೈರೇ ಆಸರೆ. ಅದನ್ನು ಕಿತ್ತರೆ ಕಣ್ಣು ಕತ್ತಲೆ. ಇಂಥ ವಿಧವೆಯನ್ನು ಸ್ಟುಡಿಯೋದವನು ಯಾಕೆ ಇಟ್ಟುಕೊಂಡಾನು? ಮಾರಿದ. ಕೊಂಡವಳು ವಿಮಲಾಕ್ಷಿ.

ವಿಮಲಾಕ್ಷಿ ಒಂದು ಆಶ್ರಯಧಾಮದಲ್ಲಿ ಆಪ್ತಸಮಾಲೋಚಕಿ. ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದ ಹೆಂಗಸರು ಅಲ್ಲಿ ಅಡಗಿರುತ್ತಾರೆ. ಹೊರಗೆ ಬೋರ್ಡಿಲ್ಲ. ಊರ ಹೆಸರನ್ನು ನನ್ನ ಬಾಯಿಂದ ಹೊರಡಿಸಲು ನೋಡಬೇಡಿ. ಮದುವೆಯ ಮೊದಲ ಭಾಗವನ್ನಷ್ಟೇ ಕಂಡಿದ್ದ ನನಗೆ ಮುಂದಿನ ಭಾಗ ಅಲ್ಲಿ ಕಂಡಿತು.

ಸ್ವಂತ ಕಂಪ್ಯೂಟರನ್ನು ಒಳಗೆ ತರಬಾರದು ಎಂಬುದೇ ಅಲ್ಲಿನ ಮೊದಲ ನಿಯಮ. ಆದರೆ ಕಚೇರಿಯ ಕಂಪ್ಯೂಟರ್ ಕೆಟ್ಟು ಕೂತಿತ್ತು. ರಿಪೇರಿಯವನು ಬರುವಷ್ಟರಲ್ಲಿ ಯುಗ ಬದಲಾಗುತ್ತಿತ್ತು. ಹೊಸದು ಬರುವ ತನಕ ಎಂದು ಮೇಲಿನವರು ಷರತ್ತು ಹಾಕಿ ನನ್ನನ್ನು ಒಳಗೆ ಬಿಟ್ಟರು. ಇಂಟರ್ನೆಟ್ ಕೊಡಬಾರದು, ಪೆನ್‌ಡ್ರೈವ್ ಚುಚ್ಚಬಾರದು, ಎದ್ದು ಹೋಗುವಾಗ ಲಾಕ್ ಮಾಡಬೇಕು, ಒಳಗೆ ಫೋಟೋ ತೆಗೆಯಬಾರದು, ಕ್ಯಾಮೆರಾದ ಮೇಲೆ ಸ್ಟಿಕ್ಕರ್ ಅಂಟಿಸಬೇಕು.

ವಿಮಲಾಕ್ಷಿ ಇದನ್ನು ಗಟ್ಟಿಯಾಗಿ ಓದುತ್ತಿದ್ದಾಗ ಅಡುಗೆಯ ಸಾಕಮ್ಮ ಬಾಗಿಲಲ್ಲಿ ನಿಂತಿದ್ದಳು. ಕೇಳಿದ್ದೇ ತಡ, ತನ್ನ ಹಣೆಯ ಸ್ಟಿಕ್ಕರ್ ಕಿತ್ತು ಕ್ಯಾಮೆರಾ ಇದ್ದ ನನ್ನ ಹಣೆಗೆ ಒತ್ತಿಬಿಟ್ಟಳು.

“ಅಯ್ಯೋ ಸಾಕಮ್ಮ, ಈ ಸ್ಟಿಕ್ಕರಲ್ಲ!”

“ಇನ್ಯಾವ ಸ್ಟಿಕ್ಕರ್ರವ್ವ? ನೋಡು, ಎಂಗೆ ಲಕ್ಷಣವಾಗವಳೆ!”

ಗಂಡ ಸತ್ತವಳಿಗೆ ಬೊಟ್ಟು! ನಾಚಿಕೆಯಾಯಿತು. ಒಳಗೊಳಗೇ ಕುಣಿದೆ ಕೂಡ.

ಅಲ್ಲಿದ್ದವರಲ್ಲಿ ಶಿವಗಂಗಾ ಒಬ್ಬಳು. ಗಂಡ ಮುರಿದ ಕಾಲನ್ನು ಎಳೆದುಕೊಂಡೇ ನಡೆಯುತ್ತಿದ್ದಳು. ಸೊಂಟದ ಮೇಲೆ ಪುಟ್ಟ ಮಗಳು. ಸಿಕ್ಕರೆ ಇಬ್ಬರನ್ನೂ ಮುಗಿಸುತ್ತೇನೆ ಎಂದು ಅವನು ಅವಳ ತವರಿಗೆ ಹೋಗಿ ಹೇಳಿ ಬಂದಿದ್ದ. ಅವಳೆಲ್ಲಿದ್ದಾಳೆ ಎಂದು ಅವನಿಗೆ ತಿಳಿಯದಿದ್ದರೆ ಅವಳ ಜೀವ ಉಳಿಯುತ್ತದೆ, ಅಷ್ಟೇ ಲೆಕ್ಕ. ಗೇಟು ಸದ್ದಾದರೆ ಸಾಕು, ಮಗಳ ಬಾಯಿಗೆ ಕೈ ಅಡ್ಡ ಇಡುತ್ತಿದ್ದಳು. ನೋಡಿ ನೋಡಿ ಆ ರೋಗ ನನಗೂ ಅಂಟಿತು. ಹಾಲಿನವನು ಬಂದರೂ ನನ್ನ ಫ್ಯಾನು ಬುಸುಗುಟ್ಟುತ್ತಿತ್ತು.

ಆಯುಧಪೂಜೆ ಬಂತು. ಸಾಕಮ್ಮ ನನ್ನನ್ನು ಒರೆಸಿ, ವಿಭೂತಿ ಎಳೆದು, ಸೇವಂತಿಗೆ ಮುಡಿಸಿ, ವೈರು ಕೀಳದೆಯೇ ಈಳಿಗೆಮಣೆ ಕುಕ್ಕರುಗಳ ನಡುವೆ ಕೂರಿಸಿದಳು.

“ಇದೇನವ್ವ, ಕಣ್ಮುಚ್ಕಂಡು ಸತ್ತಂಗೆ ಕುಂತದೆ? ಬೆಳಕಿಲ್ದೆ ಪೂಜೆ ಮಾಡಾದಾ? ಹಚ್ಚವ್ವ ಇದ್ನ!”

ದಿನವೂ ನಿಯಮಕ್ಕೆ ಹೆದರಿ ನಡೆಯುತ್ತಿದ್ದ ವಿಮಲಾಕ್ಷಿ ಹಬ್ಬದ ಗಡಿಬಿಡಿಯಲ್ಲಿ ಮೈಮರೆತಳು. ನಗುತ್ತಲೇ ನನ್ನನ್ನು ಎಬ್ಬಿಸಿದಳು. ಬೆಳಿಗ್ಗೆ ಕೆಲಸ ಮಾಡುತ್ತಿದ್ದ ಪುಟವೇ ತೆರೆದುಕೊಂಡಿತು: ಶಿವಗಂಗಾಳ ಫೈಲು, ಅದರಲ್ಲಿ ಆಸ್ಪತ್ರೆಯಲ್ಲಿ ತೆಗೆದು ಸ್ಕ್ಯಾನ್ ಮಾಡಿದ್ದ ಅವಳ ಮುಖದ ಫೋಟೋ. ಹೂವಿನ ನಡುವೆ ಅದೂ ದೇವರ ಪಟದಂತೆ ಕಂಡಿತೋ ಏನೋ, ಯಾರೂ ಗಮನಿಸಲಿಲ್ಲ. ವಿಮಲಾಕ್ಷಿ ಫೋನಿನಲ್ಲಿ ನನ್ನ ಫೋಟೋ ಹೊಡೆದು, ಹಬ್ಬದ ಶುಭಾಶಯ ಬರೆದು ಸ್ಟೇಟಸ್ಸಿಗೆ ಹಾಕಿಬಿಟ್ಟಳು. ಬೇಡ ಕಣೇ, ಬೇಡ ಎಂದು ಬಡಕೊಂಡೆ. ನನ್ನ ಕೂಗೆಂದರೆ ಫ್ಯಾನಿನ ಗಾಳಿ. ಆರತಿಯ ದೀಪ ಅಲ್ಲಾಡಿತು, ಅಷ್ಟೆ.

ಕೋಸಂಬರಿ ಹಂಚುವಾಗ ವಿಮಲಾಕ್ಷಿಯ ಗೆಳತಿಯೊಬ್ಬಳ ಫೋನು ಬಂತು. ಸ್ಪೀಕರ್ ಹಾಕಿದ್ದರಿಂದ ಎಲ್ಲರಿಗೂ ಕೇಳಿಸಿತು.

“ಏನೇ ವಿಮಲಿ, ನಿನ್ನ ಕಂಪ್ಯೂಟ್ರಲ್ಲಿರೋಳು ನಮ್ಮ ಬೀದಿ ಸೊಸೆ ಅಲ್ವೇನೇ? ಪಾಪ, ಅವಳ ಗಂಡ ಹುಡುಕಿ ಹುಡುಕಿ ಸೊರಗೋಗಿದ್ದ. ಅವನಿಗೂ ತೋರಿಸ್ದೆ, ನಾನು ಒಂದ್ಸಲ ನಿನ್ನ ಬಿಟ್ಟೋಗಿದ್ದೆನಲ್ಲ, ಆ ನಿಮ್ಮ ಆಫೀಸು ಎಲ್ಲಿ ಅಂತಾನೂ ಹೇಳ್ದೆ. ಈಗ್ತಾನೆ ಬೈಕ್ ಹತ್ತಿ ಹೊರಟ ಕಣೇ!”

ತಟ್ಟೆ ನೆಲಕ್ಕೆ ಬಿತ್ತು. ವಿಮಲಾಕ್ಷಿ ಹಾರಿ ಬಂದು ನನ್ನ ವೈರು ಕಿತ್ತಳು, ಈಗ ಮುಚ್ಚಿದರೆ ಹೋದ ಚಿತ್ರ ವಾಪಸು ಬರುತ್ತದೆ ಎಂಬಂತೆ. ನನ್ನ ಕಣ್ಣು ಕತ್ತಲಾಯಿತು. ಕಿವಿಯನ್ನು ಯಾರು ಕೀಳುತ್ತಾರೆ? ಉಳಿದದ್ದನ್ನೆಲ್ಲ ಕೇಳಿಸಿಕೊಂಡೆ. ಮಗು ಬಿಕ್ಕಿದ ಸದ್ದು. ಕಾಲೆಳೆಯುವ ಸದ್ದು. ಹಿಂಬಾಗಿಲಿಗೆ ಆಟೋ ಬಂದ ಸದ್ದು.

“ಅಕ್ಕಾ, ಇನ್ನೂ ಪೂಜೆ ಆಗಿಲ್ಲ. ಚಕ್ರಕ್ಕೆ ನಿಂಬೆಹಣ್ಣು ಮಡಗ್ದೆ ಗಾಡಿ ಎತ್ತಂಗಿಲ್ಲ,” ಎಂದ ಆಟೋದವನು.

“ನಿನ್ನ ನಿಂಬೆಹಣ್ಣಿನ ಮನೆ ಹಾಳಾಗ!” ಸಾಕಮ್ಮನ ಕಿರುಚಾಟಕ್ಕೆ ಗೋಡೆಯೇ ಬಿರುಕು ಬಿಟ್ಟಿರಬೇಕು. “ಎತ್ತಲೋ ಗಾಡಿಯ! ಚಾಮುಂಡಿಗೆ ನಾನು ಹೇಳ್ಕತೀನಿ!”

“ಎಲ್ಲಿಗಕ್ಕಾ ಹೋಗೋದು?” ಶಿವಗಂಗಾಳ ದನಿ. ವಿಮಲಾಕ್ಷಿ ಅವಳ ಕಿವಿಯಲ್ಲಿ ಏನೋ ಹೇಳಿದಳು. ನನಗೆ ಕೇಳಿಸಲಿಲ್ಲ. ಆಟೋ ಹೊರಟಿತು. ಅದರ ಸದ್ದು ಅಡಗುವ ಮೊದಲೇ ಮುಂದಿನ ಗೇಟು ಗಡಗಡ ಎಂದಿತು.

“ಯಾರಪ್ಪ? ಇಲ್ಲಿ ಗಂಡಸ್ರಿಗೆ ಪ್ರಸಾದ ಇಲ್ಲ, ಹೋಗು,” ಎಂದಳು ಸಾಕಮ್ಮ. ಪೊಲೀಸರು ಬರುವ ತನಕ ಅವಳು ಗೇಟು ಬಿಡಲಿಲ್ಲ. ಶಿವಗಂಗಾಳ ಗಂಡನ ಒದೆತಕ್ಕೆ ಚಿಲಕ ಸೊಟ್ಟಗಾಗಿತ್ತಂತೆ.

ನಡೆದದ್ದನ್ನು ವಿಮಲಾಕ್ಷಿ ತಾನೇ ಮೇಲಿನವರಿಗೆ ಹೇಳಿದಳು. ನನ್ನ ಹೊಟ್ಟೆ ಬಿಚ್ಚಿ, ಡಿಸ್ಕ್ ತೆಗೆದು ಪುಡಿ ಮಾಡಿದರು. ಈಗ ಹಳೆ ಸಾಮಾನಿನ ಕೋಣೆಯಲ್ಲಿ ಒಡೆದ ಗ್ರೈಂಡರಿನ ಪಕ್ಕ ಕೂತಿದ್ದೇನೆ. ಡಿಸ್ಕ್ ಹೋದ ಮೇಲೂ ಇವಳು ಇಷ್ಟೆಲ್ಲ ಹೇಗೆ ಹೇಳುತ್ತಾಳೆ ಎನ್ನಬೇಡಿ; ಮುದುಕಿಯರ ನೆನಪು ಮೂಳೆಯಲ್ಲಿರುತ್ತದೆ.

ಆದರೆ ಶಿವಗಂಗಾ ಹೋದದ್ದೆಲ್ಲಿಗೆ ಎಂದು ಮೂಳೆಗೂ ಗೊತ್ತಿಲ್ಲ. ಆ ಜಾಗವನ್ನು ವಿಮಲಾಕ್ಷಿ ಯಾವ ಯಂತ್ರಕ್ಕೂ ತಿಳಿಸಲಿಲ್ಲ. ಆಟೋ ಎಡಕ್ಕೆ ತಿರುಗಿದ ಸದ್ದನ್ನಷ್ಟೇ ಬಲ್ಲೆ. ಎಡಕ್ಕೆ ಬಸ್ ಸ್ಟ್ಯಾಂಡೂ ಇದೆ, ರೈಲ್ವೆ ಸ್ಟೇಷನ್ನೂ ಇದೆ. ಬಸ್ಸೋ, ರೈಲೋ? ತಲುಪಿದಳೋ, ಇಲ್ಲವೋ? ನೀವೇ ಊಹಿಸಿ. ಊಹೆ ಸರಿ ಅನ್ನಿಸಿದರೆ ಮಾತ್ರ, ನಿಮ್ಮ ದಮ್ಮಯ್ಯ, ನನಗೂ ಹೇಳಬೇಡಿ.