ಗಿರಣಿ ನಿಂತರೂ ನಿಲ್ಲದ ನಡುಕ

ನಮ್ಮ ಮನೆಯ ಮುಂಭಾಗವೇ ಹಿಟ್ಟಿನ ಗಿರಣಿ. ಅದು ಶುರುವಾದರೆ ನೆಲ, ಗೋಡೆ, ಅಡುಗೆಮನೆಯ ಲೋಟ, ನಮ್ಮ ಯಜಮಾನರ ಸಮೇತ ಎಲ್ಲವೂ ಅದುರುತ್ತವೆ. ಹೀಗಾಗಿ ಎದೆ ದಡದಡ ಅಂದರೂ ಅವರು ಅದನ್ನು ಗಿರಣಿಯ ಲೆಕ್ಕಕ್ಕೇ ಹಾಕಿಬಿಡುತ್ತಿದ್ದರು. ಉಸಿರು ಕಟ್ಟಿದರೆ ಹಿಟ್ಟಿನ ಧೂಳು, ಸುಸ್ತಾದರೆ ಮೂಟೆಯ ಭಾರ. ನೆಪಕ್ಕೇನೂ ಬರವಿರಲಿಲ್ಲ.

ಒಂದು ಮಧ್ಯಾಹ್ನ ಕರೆಂಟ್ ಹೋಗಿ ಗಿರಣಿ ನಿಂತಿತು. ಇವರು ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತಲ್ಲೇ ನಿಂತರು.

"ಲೇ, ಮೋಟರ್ ಇನ್ನೂ ಓಡ್ತಿದೆಯೇನೇ?"

ಓಡುತ್ತಿದ್ದುದು ಮೋಟರಲ್ಲ, ಅವರ ಎದೆ. ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿರುವ ನನ್ನ ತಂಗಿಗೆ ಫೋನ್ ಮಾಡಿದೆ. ಓಡಿ ಬಂದವಳೇ ಎದೆನೋವು, ತಲೆಸುತ್ತು ಇದೆಯಾ ಎಂದು ವಿಚಾರಿಸಿದಳು. ಇಲ್ಲವೆಂದಮೇಲೆ ಚೀಲದಿಂದ ಬಿಸ್ಕತ್ತಿನಷ್ಟೇ ದೊಡ್ಡದಾದ, ಎದೆಬಡಿತ ನೋಡುವ ಒಂದು ಪುಟ್ಟ ಯಂತ್ರ ತೆಗೆದಳು.

"ಭಾವ, ಎರಡೂ ಕೈ ಬೆರಳು ಇದರ ಮೇಲಿಡಿ."

"ದೊಡ್ಡಾಸ್ಪತ್ರೆ ಮೆಷಿನ್ನಿಗೆ ಮೈತುಂಬ ವೈರಿರುತ್ತೆ. ಈ ಆಟದ ಸಾಮಾನಿಗೇನಮ್ಮ ಗೊತ್ತಾಗುತ್ತೆ?"

"ಎಲ್ಲಾ ಗೊತ್ತಾಗಲ್ಲ. ಬಡಿತ ತಾಳ ತಪ್ಪಿದ್ರೆ ಗೊತ್ತಾಗುತ್ತೆ. ಮೊದಲು ಕೈ ತೊಳ್ಕೊಂಡು ಬನ್ನಿ, ಬೆರಳ ತುಂಬ ಹಿಟ್ಟು. ಆಮೇಲೆ ಮಾತಾಡದೆ, ಅಲ್ಲಾಡದೆ ಕೂತ್ಕೋಬೇಕು."

ಹೆಂಡತಿಗೆ ಬಗ್ಗದವರು ನಾದಿನಿಗೆ ಬಗ್ಗಿದರು.

ಬೆರಳಿಟ್ಟೊಡನೆ ಅವಳ ಮೊಬೈಲಿನಲ್ಲಿ ಒಂದು ಗೆರೆ ಓಡತೊಡಗಿತು. ಏಳುತ್ತದೆ, ಬೀಳುತ್ತದೆ, ತಡೆಯುತ್ತದೆ, ಮತ್ತೆ ಒಟ್ಟೊಟ್ಟಿಗೆ ಹಾರುತ್ತದೆ. ಅಬ್ಬಾ, ಇಷ್ಟು ವರ್ಷ ಪಕ್ಕದಲ್ಲೇ ಮಲಗಿದ ಮನುಷ್ಯನ ಹೃದಯವನ್ನು ನಾನು ಕಂಡಿದ್ದು ಅದೇ ಮೊದಲು. ಅಷ್ಟು ಸಣ್ಣ ಗೆರೆಯ ಮೇಲೆ ನಮ್ಮಿಡೀ ಮನೆ ನಿಂತಿತ್ತು. ನನಗೆ ಕಣ್ಣು ತುಂಬಿ ಬಂತು. ಇವರೂ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದರು.

"ಇದು ನಂದೇನಾ?" ಎಂದರು ಮೆಲ್ಲಗೆ.

"ನಿಮ್ದೇ ಭಾವ. ಬಡಿತ ಒಂದೇ ಸಮ ಇಲ್ಲ. ಹೀಗೇ ಬಿಟ್ರೆ ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಬಹುದು, ಲಕ್ವ ಹೊಡೀಬಹುದು. ಈಗಲೇ ಡಾಕ್ಟರ ಹತ್ರ ಹೋಗೋಣ."

"ಬೀಸೋದು ಅಷ್ಟೊಂದು ಬಾಕಿ ಇದೆ..."

"ಮೂಟೆ ಕಾಯುತ್ತೆ, ನಾನು ಕಾಯಲ್ಲ. ಏಳಿ," ಎಂದೆ ನಾನು.

ಆಸ್ಪತ್ರೆಯ ದೊಡ್ಡ ಮೆಷಿನ್ನೂ ಅದನ್ನೇ ಹೇಳಿತು. ಲಕ್ವ ಹೊಡೆಯುವ ಮೊದಲೇ ಬಂದಿರಿ ಎಂದು ಡಾಕ್ಟರು ಮಾತ್ರೆ ಶುರು ಮಾಡಿದರು. ಈಗ ಇವರು ತಾವಾಗಿಯೇ ಕೈ ತೊಳೆದು ತಪಾಸಣೆಗೆಂದು ಆರೋಗ್ಯ ಕೇಂದ್ರಕ್ಕೆ ಹೊರಡುತ್ತಾರೆ. ಹಿಟ್ಟು ಬೀಸಿಸಲು ಬಂದವರನ್ನೂ ಬಿಡುವುದಿಲ್ಲ, ಎದೆಬಡಿತ ಪರೀಕ್ಷೆ ಮಾಡಿಸಿದ್ದೀರಾ ಎಂದು ಪೀಡಿಸುತ್ತಾರೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲಿ ಗಿರಣಿ ಇಲ್ಲದಿರಬಹುದು, ಗದ್ದಲವಂತೂ ಇದ್ದೇ ಇರುತ್ತದೆ. ಎದೆ ಡವಗುಟ್ಟಿದರೆ, ಸುಮ್ಮಸುಮ್ಮನೆ ಸುಸ್ತಾದರೆ ನೆಪ ಹುಡುಕಬೇಡಿ, ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ. ಎದೆನೋವು, ತಣ್ಣನೆಯ ಬೆವರು ಬಂದರೆ ಈ ಪುಟ್ಟ ಯಂತ್ರಕ್ಕೂ ಕಾಯದೆ ನೇರ ಆಸ್ಪತ್ರೆಗೆ ಹೋಗಿ. ನಮ್ಮ ಮನೆಯಲ್ಲಿ ಆ ಎದೆಯ ಮಾತು ಕೇಳಿಸಲು ಕರೆಂಟೇ ಹೋಗಬೇಕಾಯಿತು. ನೀವು ಅಲ್ಲಿಯವರೆಗೆ ಕಾಯಬೇಡಿ.